ಇದ್ದೂ ಇಲ್ಲವೆನಿಸುವ ಲೈಬ್ರರಿ

ಕಾಸರಗೋಡು ಸೀಮೆಯ ಅಧ್ಯಾಪಕರೊಬ್ಬರು ಈ ಅಂಕಣಕ್ಕೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಅವರ ತೀರ್ಥರೂಪರು ಜೀವಮಾನವಿಡೀ ಕೂಡಿಸಿದ ಯಕ್ಷಗಾನ ಪ್ರಸಂಗಗಳ ಮುದ್ರಿತ ಪುಸ್ತಿಕೆಗಳು ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಇವೆಯಂತೆ. ಹಲವಕ್ಕೆ ಹೊದಿಕೆಯಿಲ್ಲ, ಕೆಲವಕ್ಕೆ ಗೆದ್ದಲು ತಗುಲಿದೆ, ಉಳಿದವನ್ನು ಮಳೆಗಾಲದ ಬೂಷ್ಟು ವರ್ಷವರ್ಷಕ್ಕೆ ಮಸುಕುಗೊಳಿಸುತ್ತಿದೆ. ಪುಟಗಳನ್ನೆಲ್ಲ ಸ್ಕ್ಯಾನ್ ಮಾಡಿ ಚಿತ್ರಗಳಾಗಿ ಕಂಪ್ಯೂಟರಿನಲ್ಲಿ ಇರಿಸಿದ್ದಾರೆ. ಆದರೆ ಚಿತ್ರದೊಳಗಿನ ಪದ್ಯವನ್ನು ಹುಡುಕಲಾಗದು, ತಿದ್ದಲಾಗದು, ಮರುಮುದ್ರಣಕ್ಕೆ ಜೋಡಿಸಲಾಗದು. ಅದನ್ನು ಅಕ್ಷರರೂಪಕ್ಕೆ ತರಬೇಕೆಂಬುದು ಅವರ ಸಂಕಲ್ಪ.

ಆ ಕೆಲಸಕ್ಕೆ ಟೆಸೆರಾಕ್ಟ್ ಎಂಬ ತಂತ್ರಾಂಶವಿದೆ. 1985ರಿಂದ ಸುಮಾರು ಹತ್ತು ವರ್ಷ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ ರೂಪುಗೊಂಡು, 2005ರಲ್ಲಿ ಸರ್ವರಿಗೂ ಮುಕ್ತವಾಗಿ, ಮರುವರ್ಷದಿಂದ ಅನೇಕ ವರ್ಷ ಗೂಗಲ್ ಸಂಸ್ಥೆಯ ಪೋಷಣೆಯಲ್ಲಿ ಬೆಳೆದುದು. ಮುದ್ರಿತ ಪುಟದ ಚಿತ್ರವನ್ನು ಓದಿ ಅಕ್ಷರಗಳನ್ನು ಕೊಡುವ ಇದಕ್ಕೆ ಕನ್ನಡವೂ ಬರುತ್ತದೆ, ಕಾಸಿನ ಖರ್ಚಿಲ್ಲ. ಅಧ್ಯಾಪಕರ ಯಂತ್ರದಲ್ಲಿರುವುದು ಲಿನಕ್ಸಿನ ಒಂದು ಬಗೆಯಾದ ಉಬುಂಟು 22.04. ಕೇರಳದ ಸರಕಾರಿ ಶಾಲೆಗಳಲ್ಲಿ ಲಿನಕ್ಸ್ ಬಹುಕಾಲದಿಂದ ಬಳಕೆಯಲ್ಲಿರುವುದರಿಂದ ಅಲ್ಲಿಯ ಕನ್ನಡ ಮಾಧ್ಯಮದ ಮಕ್ಕಳಿಗೂ ಅಧ್ಯಾಪಕರಿಗೂ ಅದು ಅಪರಿಚಿತವಲ್ಲ. ಈ ಒಂದು ವಿಷಯದಲ್ಲಿ ಅವರು ನಮ್ಮಲ್ಲಿ ಹಲವರಿಗಿಂತ ಮುಂದಿದ್ದಾರೆಂದು ಹೇಳಲು ನನಗೆ ಸಂತೋಷವೇ.

ಉಬುಂಟು 22.04ರ ಭಂಡಾರದಲ್ಲಿ ಸಿದ್ಧವಾಗಿ ದೊರೆಯುವುದು ಟೆಸೆರಾಕ್ಟಿನ 4.1.1 ಆವೃತ್ತಿ. 2021ರ ಕೊನೆಯಲ್ಲಿ ಹೊರಬಂದ ಐದನೆಯ ಸಾಲಿನದು ಬೇಕಾದರೆ ಮೂಲಪಾಠವನ್ನು, ಅಂದರೆ ಸೋರ್ಸನ್ನು, ತಂದು ತಾವೇ ಕಟ್ಟಿಕೊಳ್ಳಬೇಕು. ಅಧ್ಯಾಪಕರು ಮೊದಲು ಅಷ್ಟು ಶ್ರಮಕ್ಕೆ ಹೋಗದೆ, ಹೊಸ ಉಬುಂಟು ಇದ್ದ ಸ್ನೇಹಿತರ ಯಂತ್ರದಲ್ಲಿ ಕಟ್ಟಿದ್ದನ್ನೇ ಪೆನ್‌ಡ್ರೈವಿನಲ್ಲಿ ತಂದು ನಡೆಸಲು ನೋಡಿದರು. ‘ಗ್ಲಿಬ್‌ಸಿ 2.38 ನಾಟ್ ಫೌಂಡ್’ ಎಂಬ ಉತ್ತರ ಬಂತು. ಅನಂತರ ತಾವೇ ಕಟ್ಟಲು ಕುಳಿತರೆ ಲೆಪ್ಟೋನಿಕಾ ಎಂಬ ಲೈಬ್ರರಿ ಇಲ್ಲವೆಂದು ತಡೆಯಿತು. ಅದನ್ನು ಹಾಕಲು ಹೋದರೆ ಅದು ಆಗಲೇ ಇದೆಯೆಂದು ಭಂಡಾರವೇ ಹೇಳಿತು. ಆದರೂ ಕಟ್ಟುವಾಗ ಮತ್ತೆ ಇಲ್ಲವೆಂದೇ ಬಂತು. ಈಗ ಅವರು ಕೇಳಿರುವ ಪ್ರಶ್ನೆಗಳು ಎರಡು. ಲೈಬ್ರರಿ ಇದ್ದರೆ ಇಲ್ಲವೆಂದು ಏಕೆ ಹೇಳುತ್ತದೆ? ಸ್ನೇಹಿತರ ಯಂತ್ರದ ‘ಲಿಬ್‌ಸಿ’ ಕಡತವನ್ನು ತಂದು ತಮ್ಮದರ ಮೇಲೆ ಹಾಕಿಬಿಟ್ಟರೆ ಎಲ್ಲವೂ ಸರಿಹೋಗುವುದೆಂದು ಒಬ್ಬರು ಹಿತೈಷಿಗಳು ಹೇಳಿದ್ದಾರೆ, ಹಾಗೆ ಮಾಡಬಹುದೆ?

ಎರಡನೆಯದಕ್ಕೇ ಮೊದಲು ಉತ್ತರ ಕೊಡುವುದು ಯುಕ್ತ: ಬೇಡ, ಖಂಡಿತ ಬೇಡ. ಲಿಬ್‌ಸಿ ಎಂಬುದು ಟೆಸೆರಾಕ್ಟಿಗೆ ಮಾತ್ರ ಬೇಕಾದ ಲೈಬ್ರರಿಯಲ್ಲ. ಕಡತಗಳ ಪಟ್ಟಿ ತೋರಿಸುವುದು, ಪ್ರತಿ ಮಾಡುವುದು, ಆಜ್ಞೆಯನ್ನು ಕೇಳಿಸಿಕೊಳ್ಳುವುದು ಇವೆಲ್ಲವೂ ಅದರ ಮೇಲೆಯೇ ನಿಂತಿವೆ. ಅದನ್ನು ಬದಲಿಸಿದ ಮರುಕ್ಷಣವೇ ಯಂತ್ರ ಯಾವ ಆಜ್ಞೆಗೂ ಓಗೊಡದೆ ಹೋಗಬಹುದು. ಹಳೆಯದನ್ನು ಮರಳಿ ಇರಿಸೋಣವೆಂದರೆ, ಮರಳಿ ಇರಿಸುವ ಆಜ್ಞೆಗೂ ಅದೇ ಲಿಬ್‌ಸಿ ಬೇಕಲ್ಲ! ಸ್ಕ್ಯಾನ್ ಮಾಡಿದ ಪುಟಗಳು ಅದರಿಂದ ಅಳಿಯವು, ನಿಜ. ಆದರೆ ಗಾಬರಿಯಲ್ಲಿ ಯಂತ್ರವನ್ನು ಯಾರ ಬಳಿಗೋ ಒಯ್ದು, ಅವರು ‘ಫಾರ್ಮ್ಯಾಟ್ ಮಾಡಿಬಿಡೋಣ’ ಎಂದರೆ ಗೆದ್ದಲು ಉಳಿಸಿದ್ದೂ ಹೋಯಿತು. ಅಧ್ಯಾಪಕರು ಇಂದೇ ಮಾಡತಕ್ಕ ಕೆಲಸವೆಂದರೆ ಆ ಚಿತ್ರಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ತೆಗೆದಿಡುವುದು. ಉಳಿದ ಮಾತನ್ನು ಆಮೇಲೆ ಓದಿಕೊಳ್ಳಲಿ.

ಗ್ಲಿಬ್‌ಸಿ 2.38 ಎಂಬ ದೂರಿನ ಅರ್ಥವಿಷ್ಟೆ: ಆ ತಂತ್ರಾಂಶ 2023ರಲ್ಲಿ ಬಂದ ಲಿಬ್‌ಸಿಯನ್ನಾದರೂ ಕೇಳುತ್ತಿದೆ, ಅಧ್ಯಾಪಕರ ಉಬುಂಟುವಿನಲ್ಲಿರುವುದು 2.35. ಹೊಸ ಮನೆಯ ಬಾಗಿಲಿಗೆ ಅಳತೆ ಮಾಡಿದ ಕದ ಹಳೆಯ ಮನೆಗೆ ಹೊಂದದು. ಅದಕ್ಕಾಗಿ ಹಳೆಯ ಮನೆಯ ಅಡಿಪಾಯ ಕೀಳುವವರುಂಟೆ? ಕದವನ್ನು ಈ ಮನೆಯಲ್ಲೇ ಮಾಡಿಸಬೇಕು. ಮೂಲಪಾಠದಿಂದ ಕಟ್ಟಿಕೊಳ್ಳುವುದೆಂದರೆ ಅದೇ. ಆದುದರಿಂದ ಅವರು ಎರಡನೆಯ ಸಲ ಹಿಡಿದ ದಾರಿ ಸರಿಯಾದುದೇ.

ಈ ಅಂಕಣದ ವಾಡಿಕೆಯಂತೆ ಆಜ್ಞೆಗಳನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತತಕ್ಕದ್ದು.

ಇನ್ನು ಮೊದಲನೆಯ ಪ್ರಶ್ನೆ. ಲೈಬ್ರರಿ ಎಂದರೆ ಇಲ್ಲಿ ಪುಸ್ತಕಾಲಯವಲ್ಲ. ನಮ್ಮ ಊರುಗಳಲ್ಲಿ ದೇವಸ್ಥಾನದ ಉಗ್ರಾಣದಲ್ಲಿ ದೊಡ್ಡ ಕೊಪ್ಪರಿಗೆ, ಕಡಾಯಿ, ಸಟ್ಟುಗಗಳನ್ನು ಇಟ್ಟಿರುತ್ತಾರೆ. ಮದುವೆ ಮುಂಜಿಗಳಿಗೆ ಪ್ರತಿಯೊಂದು ಮನೆಯವರೂ ತಮ್ಮದೇ ಕೊಪ್ಪರಿಗೆ ಕೊಳ್ಳುವುದಿಲ್ಲ. ಉಗ್ರಾಣದಿಂದ ತಂದು ಬಳಸುತ್ತಾರೆ. ಹಾಗೆಯೇ ಚಿತ್ರವನ್ನು ಬಿಡಿಸುವುದು, ಗಾತ್ರ ಹಿಗ್ಗಿಸುವುದು, ಅಕ್ಷರ ಬರೆಯುವುದು ಮೊದಲಾದ ಕೆಲಸಗಳನ್ನು ಪ್ರತಿಯೊಂದು ತಂತ್ರಾಂಶವೂ ತಾನೇ ಹೊತ್ತುಕೊಳ್ಳದೆ, ಒಂದೆಡೆ ಸಿದ್ಧಪಡಿಸಿಟ್ಟ ಹಂಚಿಕೆಯ ಲೈಬ್ರರಿಗಳಿಂದ ಮಾಡಿಸಿಕೊಳ್ಳುತ್ತದೆ. ಪುಟದ ಚಿತ್ರವನ್ನು ಓದಿಗೆ ಸಿದ್ಧಮಾಡುವ ಲೆಪ್ಟೋನಿಕಾ ಟೆಸೆರಾಕ್ಟಿಗೆ ಅಂತಹ ಕೊಪ್ಪರಿಗೆ. ‘ಲೈಬ್ರರಿ ಇಲ್ಲ’ ಎಂಬ ಮಾತು ಕಟ್ಟುವ ಯಾವ ಹಂತದಲ್ಲಿ ಬಂತು ಎಂಬುದನ್ನು ನೋಡಿದರೆ ಅದರ ಅರ್ಥ ತಿಳಿಯುತ್ತದೆ. ಒಂದೇ ಮಾತಿಗೆ ಹಂತಹಂತದಲ್ಲಿ ಬೇರೆ ಬೇರೆ ಅರ್ಥ.

ಕಟ್ಟುವ ಕ್ರಮ ಹೀಗಿದೆ: ‘ಆಟೋಜೆನ್’, ‘ಕಾನ್ಫಿಗರ್’, ‘ಮೇಕ್’, ‘ಮೇಕ್ ಇನ್‌ಸ್ಟಾಲ್’. ಇವುಗಳಲ್ಲಿ ಕಾನ್ಫಿಗರ್ ಎಂಬುದು ಅಡುಗೆಯ ಹಿಂದಿನ ದಿನ ಬಂದು ಸಾಮಾನು ಪರಿಶೀಲಿಸುವ ಬಾಣಸಿಗನಂತೆ. ಅಧ್ಯಾಪಕರನ್ನು ತಡೆದದ್ದು ಇದೇ ಬಾಣಸಿಗ: ಲೆಪ್ಟೋನಿಕಾ 1.74 ಅಥವಾ ಅದಕ್ಕೂ ಹೊಸದು ಬೇಕು ಎಂದು. ಆ ಸಾಲಿನ ಕೊನೆಯಲ್ಲೇ ‘ಲಿಬ್‌ಲೆಪ್ಟೋನಿಕಾ-ಡೆವ್’ ಎಂಬ ಹೆಸರನ್ನು ಹೇಳಿ ಅದನ್ನು ಹಾಕಿ ನೋಡಿರೆಂದು ಸೂಚಿಸಿಯೂ ಇರುತ್ತದೆ. ಪತ್ರದೊಡನೆ ಅವರು ಬರೆದು ಕಳುಹಿಸಿದ ಪ್ರತಿಯಲ್ಲಿಯೂ ಆ ಹೆಸರು ಇದೆ. ಆದರೆ ಅವರ ಯಂತ್ರದಲ್ಲಿ ಆಗಲೇ ಇದ್ದದ್ದು ‘ಲಿಬ್‌ಲೆಪ್ಟ್5’.

ಉಬುಂಟು, ಡೆಬಿಯನ್‌ಗಳು ಒಂದೇ ಲೈಬ್ರರಿಯನ್ನು ಎರಡು ಪೊಟ್ಟಣಗಳಾಗಿ ಒಡೆದು ಇಡುತ್ತವೆ. ಒಂದು, ನಡೆಸಲು ಬೇಕಾದುದು, ಎಂದರೆ ಪಾತ್ರೆಯೇ. ಲಿಬ್‌ಲೆಪ್ಟ್5 ಎಂಬುದು ಅದು. ಇನ್ನೊಂದು, ಆ ಪಾತ್ರೆಯ ಅಳತೆಯ ಚೀಟಿ. ಹೆಡರ್ ಎಂಬ ಕಡತಗಳೂ ಜೋಡಣೆಗೆ ಬೇಕಾದ ಸಂಖ್ಯೆಯಿಲ್ಲದ ಹೆಸರೂ ಇರುವ ‘ಡೆವ್’ ಪೊಟ್ಟಣವೇ ಅದು. ಸಿದ್ಧ ತಂತ್ರಾಂಶ ನಡೆಸುವವರಿಗೆ ಪಾತ್ರೆ ಸಾಕು. ಹೊಸದಾಗಿ ಕಟ್ಟುವವರಿಗೆ ಅಳತೆ ಬೇಕು. ಅಧ್ಯಾಪಕರ ಯಂತ್ರದಲ್ಲಿ ಪಾತ್ರೆಯಿತ್ತು, ಚೀಟಿಯಿರಲಿಲ್ಲ. ಭಂಡಾರ ‘ಇದೆ’ ಎಂದದ್ದೂ ನಿಜ, ಬಾಣಸಿಗ ‘ಇಲ್ಲ’ ಎಂದದ್ದೂ ನಿಜ. ‘ಸುಡೋ ಆಪ್ಟ್ ಇನ್‌ಸ್ಟಾಲ್ ಲಿಬ್‌ಲೆಪ್ಟೋನಿಕಾ-ಡೆವ್’ ಎಂದು ಕೊಟ್ಟು ಕಾನ್ಫಿಗರನ್ನು ಮತ್ತೊಮ್ಮೆ ನಡೆಸಿದರೆ ಈ ತೊಡಕು ಬಿಡುತ್ತದೆ. ಮತ್ತೊಮ್ಮೆ ನಡೆಸುವುದನ್ನು ಮರೆಯಬಾರದು.

ಸೂಚನೆ ಇಷ್ಟು ಸ್ಪಷ್ಟವಾಗಿ ಎಲ್ಲ ತಂತ್ರಾಂಶಗಳಲ್ಲಿಯೂ ಇರುವುದಿಲ್ಲ. ಕಡತದ ಹೆಸರು ಮಾತ್ರ ಕೊಟ್ಟು, ಉದಾಹರಣೆಗೆ ‘ಆಲ್‌ಹೆಡರ್ಸ್ ಡಾಟ್ ಎಚ್’ ಇಲ್ಲವೆಂದು ನಿಂತುಬಿಡಬಹುದು. ಆಗ ‘ಆಪ್ಟ್-ಫೈಲ್’ ಎಂಬ ಸಾಧನವನ್ನು ಹಾಕಿಕೊಂಡು, ‘ಆಪ್ಟ್-ಫೈಲ್ ಸರ್ಚ್’ ಎಂದು ಆ ಕಡತದ ಹೆಸರು ಕೊಟ್ಟರೆ ಯಾವ ಪೊಟ್ಟಣದಲ್ಲಿದೆಯೆಂದು ತಿಳಿಸುತ್ತದೆ. ಸಿದ್ಧವಾಗಿ ಸಿಗುವ ಹಳೆಯ ಆವೃತ್ತಿಯೊಂದು ಭಂಡಾರದಲ್ಲಿದ್ದರೆ ‘ಆಪ್ಟ್ ಬಿಲ್ಡ್-ಡೆಪ್’ ಎಂಬ ಆಜ್ಞೆ ಅದನ್ನು ಕಟ್ಟಲು ಬೇಕಾದುದನ್ನೆಲ್ಲ ಒಟ್ಟಿಗೆ ತರಿಸುತ್ತದೆ. ಅದಕ್ಕೆ ಮೂಲಪಾಠದ ಭಂಡಾರವನ್ನು ಮೊದಲು ತೆರೆದಿಟ್ಟಿರಬೇಕು. ಕಾನ್ಫಿಗರ್ ಏನನ್ನು ಹುಡುಕಿತು, ಎಲ್ಲಿ ಎಡವಿತು ಎಂಬುದರ ಪೂರ್ಣ ದಿನಚರಿ ‘ಕಾನ್ಫಿಗ್ ಡಾಟ್ ಲಾಗ್’ ಎಂಬ ಕಡತದಲ್ಲಿದೆ. ಪರದೆಯ ಕೊನೆಯ ಸಾಲು ಅನೇಕ ವೇಳೆ ಸಾರಾಂಶ ಮಾತ್ರ. ಮೂಲಕಾರಣ ಆ ದಿನಚರಿಯಲ್ಲಿ ಸಿಗುತ್ತದೆ.

ಮೇಕ್ ನಡೆಯುವಾಗ ಬರುವ ದೂರು ಎರಡು ಬಗೆಯದು. ‘ಕ್ಯಾನಾಟ್ ಫೈಂಡ್’ ಎಂದು ಹೇಳಿ ಅಡ್ಡಗೆರೆ, ಎಲ್, ಅದಕ್ಕಂಟಿಕೊಂಡು ಒಂದು ಹೆಸರು ಬಂದರೆ, ಅಡ್ಡಗೆರೆ ಮತ್ತು ಎಲ್‌ಗಳ ಬದಲು ‘ಲಿಬ್’ ಎಂದು ಓದಿಕೊಳ್ಳಬೇಕು. ಮುಂದೆ ‘ಪಿಎನ್‌ಜಿ’ ಇದ್ದರೆ ಬೇಕಾದುದು ಲಿಬ್‌ಪಿಎನ್‌ಜಿಯ ಡೆವ್ ಪೊಟ್ಟಣ. ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂದರೆ ಜೋಡಣೆಯ ಹೊತ್ತಿಗೆ ಆ ಕೆಲಸ ಮಾಡುವ ಲೈಬ್ರರಿಯನ್ನು ಕರೆದಿಲ್ಲ, ಇಲ್ಲವೆ ಕರೆದ ಲೈಬ್ರರಿಯಲ್ಲಿ ಆ ಕೆಲಸ ಇಲ್ಲ. ಬಹುತೇಕ ಹಳೆಯ ಹೆಡರ್, ಹೊಸ ಲೈಬ್ರರಿಗಳು ಬೆರೆತಾಗ ಹೀಗಾಗುವುದುಂಟು.

ಎಲ್ಲವೂ ನೆಟ್ಟಗೆ ಮುಗಿದು, ಒಂದೂ ತಪ್ಪಿಲ್ಲದೆ ಸ್ಥಾಪನೆಯಾದ ಮೇಲೆ ಬರುವ ದೂರು ಹೊಸಬರನ್ನು ಹೆಚ್ಚು ಕಂಗೆಡಿಸುತ್ತದೆ. ಅಧ್ಯಾಪಕರಿಗೂ ಅದು ಎದುರಾಗುವ ಸಂಭವವಿರುವುದರಿಂದ ಮುಂಚಿತವಾಗಿಯೇ ಹೇಳುತ್ತೇನೆ. ಟೆಸೆರಾಕ್ಟ್ ಎಂದು ಕರೆದರೆ, ‘ಲಿಬ್‌ಟೆಸೆರಾಕ್ಟ್ ಡಾಟ್ ಎಸ್‌ಓ ಡಾಟ್ 5’ ಎಂಬ ಕಡತವನ್ನು ತೆರೆಯಲಾಗಲಿಲ್ಲ, ಅಂತಹ ಕಡತವೇ ಇಲ್ಲ ಎಂದು ಬರುತ್ತದೆ. ಈಗತಾನೇ ತಾವೇ ಕಟ್ಟಿ ಇಟ್ಟದ್ದು! ಹೋಗಿ ನೋಡಿದರೆ ‘ಯೂಸರ್’ ಕೋಶದ ‘ಲೋಕಲ್’ ಎಂಬುದರೊಳಗೆ, ‘ಲಿಬ್’ ಎಂಬಲ್ಲಿ ಕಡತ ಕಣ್ಣೆದುರಿಗೇ ಇರುತ್ತದೆ.

ಇಲ್ಲಿ ಉಗ್ರಾಣಿಯ ಸ್ವಭಾವ ತಿಳಿಯಬೇಕು. ಯಾವ ಪಾತ್ರೆ ಯಾವ ಕೋಣೆಯಲ್ಲಿದೆಯೆಂದು ಅವನು ಒಂದು ಲೆಕ್ಕದ ಪುಸ್ತಕ ಇಟ್ಟಿರುತ್ತಾನೆ. ಯಾರಾದರೂ ಕೇಳಿದರೆ ಪ್ರತಿ ಸಲವೂ ಕೋಣೆಕೋಣೆ ಸುತ್ತುವುದಿಲ್ಲ. ಪುಸ್ತಕ ತೆರೆದು ನೋಡುತ್ತಾನೆ, ಹೆಚ್ಚೆಂದರೆ ಮುಖ್ಯ ಕೋಣೆಗೊಮ್ಮೆ ಹೋಗಿ ಬರುತ್ತಾನೆ. ನೀವು ಹೊಸ ಕೊಪ್ಪರಿಗೆ ತಂದು ಪಕ್ಕದ ಕೋಣೆಯಲ್ಲಿಟ್ಟು ಅವನಿಗೆ ತಿಳಿಸದೆ ಹೋದರೆ, ಅವನ ಪಾಲಿಗೆ ಅದು ಇಲ್ಲ. ಲಿನಕ್ಸಿನ ಉಗ್ರಾಣಿಯ ಪುಸ್ತಕ ‘ಎಲ್‌ಡಿ ಡಾಟ್ ಎಸ್‌ಓ ಡಾಟ್ ಕ್ಯಾಶ್’. ಅದನ್ನು ಹೊಸದಾಗಿ ಬರೆಯಿಸುವ ಆಜ್ಞೆ ‘ಸುಡೋ ಎಲ್‌ಡಿಕಾನ್ಫಿಗ್’. ಉಬುಂಟುವಿನಲ್ಲಿ ಲೋಕಲ್ ಕೋಶದ ಲಿಬ್ ಆಗಲೇ ಉಗ್ರಾಣಿ ನೋಡತಕ್ಕ ಕೋಣೆಗಳ ಪಟ್ಟಿಯಲ್ಲಿರುವುದರಿಂದ ಆ ಒಂದು ಆಜ್ಞೆ ಸಾಕು. ಒಂದು ತಂತ್ರಾಂಶಕ್ಕೆ ಯಾವ ಯಾವ ಲೈಬ್ರರಿ ಬೇಕು, ಯಾವುದು ಸಿಗುತ್ತಿಲ್ಲ ಎಂಬುದನ್ನು ‘ಎಲ್‌ಡಿಡಿ’ ಎಂಬ ಆಜ್ಞೆ ಸಾಲುಸಾಲಾಗಿ ತೋರಿಸುತ್ತದೆ; ಸಿಗದುದರ ಮುಂದೆ ‘ನಾಟ್ ಫೌಂಡ್’ ಎಂದಿರುತ್ತದೆ. ಎಲ್ಲಿಂದಲೋ ಬಂದ, ನಂಬಿಕೆಯಿಲ್ಲದ ಕಡತದ ಮೇಲೆ ಮಾತ್ರ ಎಲ್‌ಡಿಡಿ ಪ್ರಯೋಗಿಸಬಾರದು. ಕೆಲವು ಸಂದರ್ಭಗಳಲ್ಲಿ ಅದು ಆ ಕಡತವನ್ನೇ ನಡೆಸಿಬಿಡುವ ಅಪಾಯವುಂಟು.

ಇದೇ ಜಾಗದಲ್ಲಿ ಕೆಲವರು ಒಂದು ಉಪಾಯ ಹೇಳಿಕೊಡುತ್ತಾರೆ: ಯಂತ್ರದಲ್ಲಿ ‘ಡಾಟ್ 4’ ಇದೆಯಲ್ಲ, ಅದಕ್ಕೇ ‘ಡಾಟ್ 5’ ಎಂಬ ಇನ್ನೊಂದು ಹೆಸರು ಕೊಟ್ಟು ಕೊಂಡಿ ಹಾಕಿರಿ ಎಂದು. ದೂರು ಆ ಕ್ಷಣಕ್ಕೆ ನಿಲ್ಲುವುದೂ ಉಂಟು. ನನ್ನ ಅಭಿಪ್ರಾಯದಲ್ಲಿ ಇದು ದೂರು ಬರುವುದಕ್ಕಿಂತ ಕೆಟ್ಟದ್ದು. ಹೆಸರಿನ ಆ ಅಂಕಿಯನ್ನು ಲೈಬ್ರರಿ ಕಟ್ಟಿದವರು ಸುಮ್ಮನೆ ಇಟ್ಟದ್ದಲ್ಲ. ಹಿಂದಿನದರೊಡನೆ ಹೊಂದದ ಬದಲಾವಣೆ ಮಾಡಿದಾಗ ಅದನ್ನು ಏರಿಸುತ್ತಾರೆ. ಸುಳ್ಳು ಹೆಸರಿನಿಂದ ಕರೆದರೆ ತಂತ್ರಾಂಶ ನಡುವೆ ಕುಸಿಯಬಹುದು; ಕುಸಿಯದೆ ತಪ್ಪು ಉತ್ತರ ಕೊಟ್ಟರಂತೂ ತಿಳಿಯುವುದೇ ಇಲ್ಲ. ನಾಲ್ಕು, ಐದು ಎರಡೂ ಒಂದೇ ಯಂತ್ರದಲ್ಲಿ ಜಗಳವಿಲ್ಲದೆ ಇರಬಲ್ಲವು. ಆ ಅಂಕಿಯ ಉದ್ದೇಶವೂ ಅದೇ.

ದೂರೇ ಇಲ್ಲದೆ ಇಲ್ಲವಾಗುವ ಲೈಬ್ರರಿಗಳೂ ಉಂಟು. ಅಧ್ಯಾಪಕರ ಕೆಲಸಕ್ಕೆ ನಿಜವಾಗಿ ಅಡ್ಡಬರುವುದು ಇವೇ ಎಂದು ನನಗೆ ತೋರುತ್ತದೆ. ಕಾನ್ಫಿಗರ್ ಹೇಳುವ ಮಾತುಗಳಲ್ಲಿ ‘ಎರರ್’ ಬೇರೆ, ‘ವಾರ್ನಿಂಗ್’ ಬೇರೆ. ಎರರ್ ಬಂದರೆ ಕೆಲಸ ನಿಲ್ಲುತ್ತದೆ. ವಾರ್ನಿಂಗ್ ಬಂದರೆ ಕೆಲಸ ಮುಂದುವರಿಯುತ್ತದೆ; ನೂರಾರು ಸಾಲುಗಳ ನಡುವೆ ಆ ಒಂದು ಸಾಲು ಮೇಲಕ್ಕೆ ಹರಿದುಹೋಗುತ್ತದೆ. ಐಸಿಯು, ಪ್ಯಾಂಗೋ, ಕೈರೋ ಎಂಬ ಮೂರು ಲೈಬ್ರರಿಗಳ ಡೆವ್ ಪೊಟ್ಟಣಗಳು ಇಲ್ಲದಿದ್ದರೆ ಟೆಸೆರಾಕ್ಟ್ ಕಟ್ಟಿಕೊಳ್ಳುತ್ತದೆ, ನಡೆಯುತ್ತದೆ, ಕನ್ನಡವನ್ನೂ ಓದುತ್ತದೆ. ಅದಕ್ಕೆ ಹೊಸ ಅಕ್ಷರ ಕಲಿಸುವ ಉಪಕರಣಗಳು ಮಾತ್ರ ಹುಟ್ಟುವುದಿಲ್ಲ. ಹಳೆಯ ಅಚ್ಚುಮೊಳೆಗಳಲ್ಲಿ ಒತ್ತಕ್ಷರಗಳ ಆಕಾರ ಇಂದಿನ ಕಂಪ್ಯೂಟರ್ ಅಕ್ಷರಗಳಂತಿಲ್ಲ. ‘ಥ’ಕಾರ ‘ಧ’ಕಾರಗಳ ನಡುವಿನ ಚುಕ್ಕೆಗೀಟುಗಳೂ ಸವೆದ ಮೊಳೆಯಲ್ಲಿ ಒಂದರಂತೊಂದು. ಪ್ರಸಂಗ ಪುಸ್ತಿಕೆಗಳನ್ನು ಚೆನ್ನಾಗಿ ಓದಿಸಬೇಕಾದರೆ ಆ ಅಚ್ಚನ್ನು ಅದಕ್ಕೆ ಕಲಿಸಲೇಬೇಕಾದೀತು. ಕಲಿಸಲು ಹೋಗಿ ‘ಮೇಕ್ ಟ್ರೈನಿಂಗ್’ ಎಂದರೆ, ಕಾನ್ಫಿಗರನ್ನು ತಪ್ಪಿಲ್ಲದಂತೆ ಮತ್ತೆ ನಡೆಸಿಕೊಂಡು ಬನ್ನಿ ಎಂಬ ಒಂದು ಸಾಲು ಮಾತ್ರ ಬರುತ್ತದೆ. ಆದುದರಿಂದ ಆ ಮೂರು ಡೆವ್ ಪೊಟ್ಟಣಗಳನ್ನು ಮೊದಲೇ ಹಾಕಿಕೊಳ್ಳುವುದು ಲೇಸು.

ಲೆಪ್ಟೋನಿಕಾವನ್ನೂ ಮೂಲಪಾಠದಿಂದ ಕಟ್ಟುವವರಿಗೆ ಇಂತಹದೇ ಇನ್ನೊಂದು ಗುಂಡಿ ಕಾದಿದೆ. ಲಿಬ್‌ಪಿಎನ್‌ಜಿ, ಲಿಬ್‌ಜೆಪೆಗ್, ಲಿಬ್‌ಟಿಫ್‌ಗಳ ಡೆವ್ ಪೊಟ್ಟಣಗಳು ಇಲ್ಲದಿದ್ದರೂ ಲೆಪ್ಟೋನಿಕಾ ತಕರಾರು ಮಾಡದೆ ಕಟ್ಟಿಕೊಳ್ಳುತ್ತದೆ. ಆಮೇಲೆ ಸ್ಕ್ಯಾನ್ ಮಾಡಿದ ಪಿಎನ್‌ಜಿ ಪುಟ ಕೊಟ್ಟರೆ ‘ಫಂಕ್ಷನ್ ನಾಟ್ ಪ್ರೆಸೆಂಟ್’ ಎನ್ನುತ್ತದೆ. ಪುಟವೇ ಕೆಟ್ಟಿರಬೇಕೆಂದು ಜನ ಮತ್ತೆ ಸ್ಕ್ಯಾನ್ ಮಾಡಲು ಹೊರಡುತ್ತಾರೆ; ಮೆದುವಾದ ಹಳೆಯ ಕಾಗದ ಇನ್ನೊಮ್ಮೆ ಗಾಜಿನ ಮೇಲೆ ಮಲಗಬೇಕಾಗುತ್ತದೆ. ಪುಟದಲ್ಲಿ ದೋಷವಿರುವುದಿಲ್ಲ. ಎರಡು ಅಡ್ಡಗೆರೆಗಳೊಡನೆ ‘ಟೆಸೆರಾಕ್ಟ್ ವರ್ಶನ್’ ಎಂದು ಕೇಳಿದರೆ, ಲೆಪ್ಟೋನಿಕಾದ ಸಂಖ್ಯೆಯ ಕೆಳಗೆ ಅದರೊಳಗೆ ಸೇರಿರುವ ಚಿತ್ರ ಲೈಬ್ರರಿಗಳ ಹೆಸರುಗಳಿರುತ್ತವೆ. ಆ ಸಾಲಿನಲ್ಲಿ ಲಿಬ್‌ಪಿಎನ್‌ಜಿ ಕಾಣದಿದ್ದರೆ ಕಾರಣ ಅಲ್ಲಿಯೇ ಸಿಕ್ಕಿತು. ಪೊಟ್ಟಣ ಹಾಕಿ, ಲೆಪ್ಟೋನಿಕಾವನ್ನು ಮೊದಲಿನಿಂದ ಕಟ್ಟಿ, ಎಲ್‌ಡಿಕಾನ್ಫಿಗ್ ಕೊಡಬೇಕು.

ಕನ್ನಡದ ಕಡತ ಲೈಬ್ರರಿಯಲ್ಲದಿದ್ದರೂ ಅದರ ಕಥೆಯೂ ಇದೇ. ಭಂಡಾರದಿಂದ ‘ಟೆಸೆರಾಕ್ಟ್-ಓಸಿಆರ್-ಕನ್’ ಹಾಕಿದ್ದರೂ ಸ್ವಂತ ಕಟ್ಟಿದ ಟೆಸೆರಾಕ್ಟ್ ‘ಕನ್’ ಭಾಷೆ ಸಿಗಲಿಲ್ಲವೆನ್ನುತ್ತದೆ. ಇದು ಹುಡುಕುವುದು ಲೋಕಲ್ ಕೋಶದ ‘ಶೇರ್’, ಅದರೊಳಗಿನ ‘ಟೆಸ್‌ಡೇಟಾ’ದಲ್ಲಿ, ಭಂಡಾರ ಇಟ್ಟಿರುವುದು ಬೇರೆಡೆ. ‘ಕನ್ ಡಾಟ್ ಟ್ರೈನ್ಡ್‌ಡೇಟಾ’ ಎಂಬ ಕಡತವನ್ನು ಅಲ್ಲಿಗೆ ಪ್ರತಿ ಮಾಡಿದರಾಯಿತು. ಕಲಿಸುವ ಉದ್ದೇಶವುಳ್ಳವರು ‘ಬೆಸ್ಟ್’ ಎಂಬ ಗುಂಪಿನ ಕಡತವನ್ನೇ ತರಬೇಕು. ‘ಫಾಸ್ಟ್’ ಗುಂಪಿನದು ಓದಲು ಶೀಘ್ರ, ಆದರೆ ಅದರ ಮೇಲೆ ಮುಂದಿನ ಪಾಠ ನಡೆಯದು.

ಸೊಲ್ಲಾಪುರದ ವಾಚಕಿಯೊಬ್ಬರು ಇದೇ ತೊಡಕನ್ನು ಫೆಡೋರಾದಲ್ಲಿ ಅನುಭವಿಸಿ, ಎಲ್‌ಡಿಕಾನ್ಫಿಗ್ ಕೊಟ್ಟರೂ ಗುಣ ಕಾಣಲಿಲ್ಲವೆಂದು ಚೀಟಿ ಬರೆದಿದ್ದಾರೆ. ಫೆಡೋರಾದ ಉಗ್ರಾಣಿಯ ಕೋಣೆಗಳ ಪಟ್ಟಿಯಲ್ಲಿ ಲೋಕಲ್ ಕೋಶದ ಲಿಬ್ ಮೊದಲಿನಿಂದ ಇರುವುದಿಲ್ಲ. ‘ಇಟಿಸಿ’ಯೊಳಗಿನ ‘ಎಲ್‌ಡಿ ಡಾಟ್ ಎಸ್‌ಓ ಡಾಟ್ ಕಾನ್ಫ್ ಡಾಟ್ ಡಿ’ ಎಂಬ ಕೋಶದಲ್ಲಿ, ಹೆಸರಿನ ಕೊನೆಗೆ ‘ಡಾಟ್ ಕಾನ್ಫ್’ ಇರುವಂತೆ ಒಂದು ಹೊಸ ಕಡತ ಮಾಡಿ, ಲೋಕಲ್ ಕೋಶದ ಲಿಬ್‌ನ ಪೂರ್ಣ ವಿಳಾಸವನ್ನು ಅದರಲ್ಲಿ ಒಂದು ಸಾಲಾಗಿ ಬರೆದು, ಆಮೇಲೆ ಎಲ್‌ಡಿಕಾನ್ಫಿಗ್ ಕೊಡಲಿ. ಒಂದು ಸಲದ ಪರೀಕ್ಷೆಗೆ ಮಾತ್ರವಾದರೆ ‘ಎಲ್‌ಡಿ ಲೈಬ್ರರಿ ಪಾತ್’ ಎಂಬ ಚರಕ್ಕೆ ಆ ವಿಳಾಸ ಕೊಟ್ಟರೂ ನಡೆಯುತ್ತದೆ. ಶಾಶ್ವತವಾಗಿ ಹಾಗೆ ಇಟ್ಟುಕೊಂಡರೆ ಬೇರೆ ತಂತ್ರಾಂಶಗಳೂ ಆ ಕೋಣೆಗೇ ಮೊದಲು ಹೋಗಿ ತಮಗೆ ಸಲ್ಲದ ಪಾತ್ರೆ ತಂದುಕೊಳ್ಳಬಹುದು. ತಾವೇ ಕಟ್ಟಿದ ಲೆಪ್ಟೋನಿಕಾವನ್ನು ಕಾನ್ಫಿಗರ್ ಗುರುತಿಸದಿದ್ದರೆ, ‘ಪಿಕೆಜಿ ಕಾನ್ಫಿಗ್ ಪಾತ್’ ಎಂಬ ಚರಕ್ಕೆ ಅದೇ ಲಿಬ್‌ನೊಳಗಿನ ‘ಪಿಕೆಜಿಕಾನ್ಫಿಗ್’ ಕೋಶದ ವಿಳಾಸ ಕೊಟ್ಟು ಮತ್ತೆ ನಡೆಸಬೇಕು. ಫೆಡೋರಾದಲ್ಲಿ ಪೊಟ್ಟಣಗಳ ಹೆಸರಿನ ಕೊನೆಗೆ ಬರುವುದು ‘ಡೆವ್’ ಅಲ್ಲ, ‘ಡೆವೆಲ್’. ಯಾವ ಕಡತ ಯಾವ ಪೊಟ್ಟಣದಲ್ಲಿದೆಯೆಂದು ಕೇಳುವ ಆಜ್ಞೆ ‘ಡಿಎನ್‌ಎಫ್ ಪ್ರೊವೈಡ್ಸ್’.